ಚೀಲ ಹೊರುವ ಹೆಗಲಿಗೆ ಅಂಗಿ ಯಾಕೆ ಭಾರ?

ಬಾಗಲಕೋಟೆಯ ಎಪಿಎಂಸಿಯಲ್ಲಿ ಹಮಾಲಿ ಮಾಡುವ ಒಬ್ಬರು ಹೋದ ವರ್ಷ ನನ್ನ ಹತ್ತಿರ ಬಂದಿದ್ದರು. ವಯಸ್ಸು ಐವತ್ತರ ಆಸುಪಾಸು, ಗಟ್ಟಿ ಆಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತು ಹೇಳಿದರು: “50 ಕಿಲೋ ಚೀಲಾ ಈಗೂ ಹೊರತೇನ್ರಿ. ಆದ್ರ ಅಂಗಿ ತೋಳಾಗ ಕೈ ಹಾಕಾಕ ಬರವಲ್ದ್ರಿ. ರಾತ್ರಿ ಈ ಮಗ್ಗಲಾ ಮಲಗಿದ್ರ ಜೀವ ಹೋಗತೈತಿ.” ಚೀಲ ಹೊರುವ ಹೆಗಲಿಗೆ 200 ಗ್ರಾಂ ಅಂಗಿ ಹೇಗೆ ಭಾರವಾಯಿತು ಎಂಬುದು ಅವರ ಮನೆಯವರಿಗೂ ಅರ್ಥವಾಗಿರಲಿಲ್ಲ. ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದು ಯಾರೋ ಅಂದಿದ್ದರಂತೆ. ಆ ಮಾತು ಅವರನ್ನು ನೋವಿಗಿಂತ ಹೆಚ್ಚು ಚುಚ್ಚಿತ್ತು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಚೀಲ ಹೊರುವ ಸ್ನಾಯುಗಳೇ ಬೇರೆ, ಅಂಗಿ ತೊಡಿಸುವ ಸ್ನಾಯುಗಳೇ ಬೇರೆ. ಫಿಸಿಯೋಥೆರಪಿ ಮಾಡುವ ನನ್ನಂಥವರು ದಿನಾ ನೋಡುವ ಸಂಗತಿ ಇದು. ಆದರೆ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಹೆಗಲಿನ ಒಳಗೆ ಏನೇನು ಇದೆ, ಯಾವುದು ಯಾವ ಕೆಲಸ ಮಾಡುತ್ತದೆ ಎಂದು ಒಮ್ಮೆ ನಿಧಾನವಾಗಿ ನೋಡೋಣ.

ಮೊದಲು ಎಲುಬು. ಹೆಗಲಲ್ಲಿ ಇರುವುದು ಮೂರು. ಮುಂದೆ ಕೊರಳೆಲುಬು, ಹಿಂದೆ ಮೂರು ಮೂಲೆಯ ಹಲಗೆಯಂಥ ಹೆಗಲೆಲುಬು, ಕೆಳಗೆ ತೋಳಿನ ಎಲುಬು. ಇಡೀ ಕೈ ಮೈಗೆ ಎಲುಬಿನ ಮೂಲಕ ಕೂಡಿಕೊಳ್ಳುವುದು ಒಂದೇ ಒಂದು ಕಡೆ. ಗಂಟಲಿನ ಕುಳಿಯ ಪಕ್ಕ ಬೆರಳಿಟ್ಟರೆ ಕೊರಳೆಲುಬಿನ ಗುಬುಟು ಸಿಗುತ್ತದಲ್ಲ, ಅದು ಎದೆಯೆಲುಬಿಗೆ ಕೂಡುವ ಜಾಗ, ಅಷ್ಟೇ. ಬೆನ್ನಿನ ಮೇಲಿರುವ ಹೆಗಲೆಲುಬು ಪಕ್ಕೆಲುಬುಗಳಿಗೆ ಅಂಟಿಕೊಂಡಿಲ್ಲ. 2ನೇ ಪಕ್ಕೆಲುಬಿನಿಂದ 7ನೇ ಪಕ್ಕೆಲುಬಿನವರೆಗೆ ಸ್ನಾಯುಗಳ ಹಾಸಿನ ಮೇಲೆ ತೇಲುತ್ತ, ಜಾರುತ್ತ ಇರುತ್ತದೆ.

ನಮ್ಮ ಎತ್ತುಗಳಿಗೆ ಆ ಕೊರಳೆಲುಬೂ ಇಲ್ಲ. ಅದರ ಮುಂಗಾಲು ಮೈಗೆ ಅಂಟಿಕೊಂಡಿರುವುದು ಬರೀ ಸ್ನಾಯುಗಳಿಂದ. ಹಾಗಾಗಿ ಕಾಲು ಹಿಂದೆ ಮುಂದೆ ಸರಾಗವಾಗಿ ಹೋಗುತ್ತದೆ, ನೊಗ ಹೊತ್ತು ದಿನವಿಡೀ ನಡೆಯುತ್ತದೆ. ಆದರೆ ನಮ್ಮ ಹಾಗೆ ಕೈಯನ್ನು ಪಕ್ಕಕ್ಕೆ ಚಾಚಿ ತಲೆಯ ಮೇಲೆ ಎತ್ತುವುದು ಅದರಿಂದ ಆಗದು. ಮನುಷ್ಯನ ಕೊರಳೆಲುಬು ಒಂದು ಊರುಗೋಲಿನಂತೆ ನಿಂತು ತೋಳನ್ನು ಎದೆಯಿಂದ ದೂರ ಹಿಡಿಯುತ್ತದೆ. ಆ ದೂರ ಇರುವುದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ.

ಇನ್ನು ಕೀಲು. ಸೊಂಟದ ಕೀಲಿನಲ್ಲಿ ತೊಡೆಯ ಎಲುಬಿನ ತಲೆ ಆಳದ ಬಟ್ಟಲಲ್ಲಿ ಹುದುಗಿ ಕೂತಿದೆ. ಹೆಗಲಲ್ಲಿ ಹಾಗಿಲ್ಲ. ಸಾಲಿಯಲ್ಲಿ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದು ನೆನಪಿದೆಯೇ? ಅದೇ ಹೆಗಲ ಕೀಲು. ತೋಳಿನ ಎಲುಬಿನ ದುಂಡು ತಲೆ ನಿಂಬೆಹಣ್ಣು, ಹೆಗಲೆಲುಬಿನ ಹೊರಮೂಲೆಯಲ್ಲಿರುವ ಆಳವಿಲ್ಲದ ಕುಳಿ ಚಮಚ. ಯಾವುದೇ ಹೊತ್ತಿನಲ್ಲಿ ನೋಡಿದರೂ ಆ ತಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಳಿಗೆ ತಾಗಿರುವುದಿಲ್ಲ. ಕುಳಿಯ ಸುತ್ತ ಮೆದು ಅಂಚು ಒಂದಿದೆ, ಕೀಲನ್ನು ಮುಚ್ಚಿದ ಸಡಿಲ ಚೀಲ ಒಂದಿದೆ. ಇವೆರಡೇ ಹಣ್ಣನ್ನು ಹಿಡಿದಿಡಲಾರವು. ಓಡುವ ಹುಡುಗ ಹಣ್ಣು ಹೊರಳಿದ ಕಡೆ ಮಣಿಕಟ್ಟು ತಿರುವಿ ಚಮಚವನ್ನು ಅದರ ಅಡಿಗೆ ತರುತ್ತಾನಲ್ಲ, ಹಾಗೆ ಕ್ಷಣಕ್ಷಣವೂ ಹೊಂದಿಸಿಕೊಳ್ಳುವ ಕೆಲಸ ಹೆಗಲಲ್ಲಿ ಸ್ನಾಯುಗಳದ್ದು. ಎಲುಬು ಬಿಟ್ಟುಕೊಟ್ಟ ಭದ್ರತೆಯನ್ನು ಸ್ನಾಯು ತುಂಬಿಕೊಡಬೇಕು. ಹೆಗಲಿನ ಬಲ, ಹೆಗಲಿನ ಬೇನೆ, ಎರಡರ ಬೇರೂ ಇಲ್ಲಿದೆ.

ಚಮಚ ತಿರುಗುವುದನ್ನು ಕೈಯಾರೆ ಮುಟ್ಟಿ ನೋಡಬಹುದು. ಮನೆಯಲ್ಲಿ ಸಣ್ಣ ಹುಡುಗರಿದ್ದರೆ ಅಂಗಿ ಬಿಚ್ಚಿಸಿ ಬೆನ್ನು ತಿರುಗಿಸಿ ನಿಲ್ಲಿಸಿ. ಹೆಗಲೆಲುಬಿನ ಕೆಳತುದಿಯ ಮೇಲೆ ನಿಮ್ಮ ಹೆಬ್ಬೆರಳಿಟ್ಟು, ಕೈಯನ್ನು ಪಕ್ಕದಿಂದ ಮೆಲ್ಲಗೆ ಎತ್ತು ಅನ್ನಿ. ಮೊದಲಿಗೆ ತುದಿ ಅಷ್ಟಾಗಿ ಅಲ್ಲಾಡದು. ಕೈ ಮೇಲೇರುತ್ತ ಹೋದಂತೆ ಅದು ನಿಮ್ಮ ಹೆಬ್ಬೆರಳಿನಡಿಯಿಂದ ಜಾರಿ ಬಗಲಿನ ಕಡೆಗೆ ಹೊರಳುತ್ತದೆ. ಕೈ ನೆಟ್ಟಗೆ ಮೇಲಾದಾಗ ತುದಿ ಪಕ್ಕೆಗೆ ಬಂದು ನಿಂತಿರುತ್ತದೆ. 1944ರಲ್ಲಿ ಇನ್‌ಮನ್ ಎಂಬ ಅಮೆರಿಕದ ವೈದ್ಯರು ತಮ್ಮ ಸಂಗಡಿಗರೊಂದಿಗೆ ಇದನ್ನು ಅಳೆದು ಪ್ರಕಟಿಸಿದರು. ಕೈ 180 ಡಿಗ್ರಿ ಮೇಲೇರಿದರೆ ಅದರಲ್ಲಿ ಸುಮಾರು 120 ಕೀಲಿನದು, 60 ಹೆಗಲೆಲುಬಿನದು. ಮಂದಿಯಿಂದ ಮಂದಿಗೆ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಆದರೂ ಎರಡಕ್ಕೆ ಒಂದು ಎಂಬ ಈ ತಾಳವನ್ನು ಇವತ್ತಿಗೂ ನಾವು ನೋಡುತ್ತೇವೆ. ತಾಳ ತಪ್ಪಿದರೆ ಬೇನೆ ಎಲ್ಲಿದೆ ಎಂದು ಅರ್ಧ ಗೊತ್ತಾದಂತೆ.

ಹೆಗಲೆಲುಬನ್ನು ಹೀಗೆ ತಿರುಗಿಸುವವರು ಯಾರು? ಮುಖ್ಯವಾಗಿ ಇಬ್ಬರು. ಒಂದು, ಟ್ರೆಪೀಜಿಯಸ್. ತಲೆಬುರುಡೆಯ ಹಿಂಭಾಗದಿಂದ ಹೊರಟು ಕುತ್ತಿಗೆ, ಬೆನ್ನುಹುರಿಯ ಎಲುಬುಗಳುದ್ದಕ್ಕೂ ಹಬ್ಬಿ ಹೆಗಲಿಗೆ ಬಂದು ಸೇರುವ ದೊಡ್ಡ ಸ್ನಾಯು ಇದು. ಎರಡೂ ಬದಿಯದನ್ನು ಸೇರಿಸಿ ನೋಡಿದರೆ ಬೆನ್ನಿನ ಮೇಲೆ ಗಾಳಿಪಟ ಅಂಟಿಸಿದಂತೆ ಕಾಣುತ್ತದೆ. ಕುತ್ತಿಗೆಗೂ ಭುಜಕ್ಕೂ ನಡುವೆ ಕೈಗೆ ಸಿಗುವ ದಪ್ಪ ಏಣೇ ಇದರ ಮೇಲ್ಭಾಗ. ಕನ್ನಡದಲ್ಲಿ ನಾವು ಹೆಗಲು ಅನ್ನುವುದು ನಿಜವಾಗಿ ಇದನ್ನೇ. ಹಮಾಲರ ಚೀಲ, ಮಗುವನ್ನು ಕೂಡಿಸಿಕೊಂಡ ಅಪ್ಪನ ಭಾರ, ಪಲ್ಲಕ್ಕಿಯ ಬೊಂಬು, ಎಲ್ಲವೂ ಕೂರುವುದು ಇದರ ಮೇಲೆ.

ಇನ್ನೊಂದು, ಸೆರೇಟಸ್ ಆಂಟೀರಿಯರ್. ಮೇಲಿನ ಎಂಟೊಂಬತ್ತು ಪಕ್ಕೆಲುಬುಗಳಿಂದ ಗರಗಸದ ಹಲ್ಲಿನಂತೆ ಎದ್ದು, ಪಕ್ಕೆಯನ್ನು ಬಳಸಿಕೊಂಡು ಹೆಗಲೆಲುಬಿನ ಅಡಿಯಲ್ಲಿ ಹೋಗಿ ಅದರ ಒಳಅಂಚಿಗೆ ಅಂಟುತ್ತದೆ. ನಮ್ಮ ಕಡೆಯ ಗರಡಿಮನೆಗೆ ಹೋದರೆ ಇದನ್ನು ಕಣ್ಣಾರೆ ಕಾಣಬಹುದು. ದಂಡ ಹೊಡೆಯುವ ಪೈಲ್ವಾನನ ಬಗಲಿನ ಕೆಳಗೆ, ಪಕ್ಕೆಯ ಮೇಲೆ, ಬೆರಳು ಬೆರಳಾಗಿ ಎದ್ದು ಕಾಣುವ ಗೆರೆಗಳು ಇದರವೇ. ದಂಡ ಹೊಡೆಯುವಾಗ ಮೈ ಮೇಲೆದ್ದ ಕೊನೆಯ ಗಳಿಗೆಯಲ್ಲಿ, ಮೊಣಕೈ ಪೂರ್ತಿ ಚಾಚಿದ ಮೇಲೂ, ಬೆನ್ನನ್ನು ಇನ್ನೊಂದಿಷ್ಟು ಮೇಲಕ್ಕೆ ಒತ್ತುತ್ತಾರಲ್ಲ, ಆ ಒತ್ತು ಈ ಸ್ನಾಯುವಿನದು. ಹಳೆಯ ಉಸ್ತಾದರು ಆ ಒತ್ತಿಲ್ಲದ ದಂಡವನ್ನು ದಂಡವೆಂದೇ ಎಣಿಸುವುದಿಲ್ಲ. ಅವರ ಕಣ್ಣು ಎಷ್ಟು ಚೊಕ್ಕ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಈ ಸ್ನಾಯುವಿನ ನರ ಪಕ್ಕೆಯ ಮೇಲೆ ಚರ್ಮದ ಹತ್ತಿರವೇ ಇಳಿದು ಬರುತ್ತದೆ. ಪೆಟ್ಟು ಬಿದ್ದೋ ಜಗ್ಗಿಯೋ ಅದು ಕೆಟ್ಟರೆ, ಗೋಡೆಗೆ ಅಂಗೈ ಕೊಟ್ಟು ತಳ್ಳಿದಾಗ ಹೆಗಲೆಲುಬಿನ ಒಳಅಂಚು ಹಕ್ಕಿಯ ರೆಕ್ಕೆಯಂತೆ ಬೆನ್ನಿನಿಂದ ಎದ್ದು ನಿಲ್ಲುತ್ತದೆ.

ಟ್ರೆಪೀಜಿಯಸ್ ಮೇಲಕ್ಕೂ ಒಳಕ್ಕೂ ಎಳೆಯುತ್ತದೆ, ಸೆರೇಟಸ್ ಹೊರಕ್ಕೆ ಎಳೆಯುತ್ತದೆ. ದಿಕ್ಕು ಬೇರೆಬೇರೆ, ಆದರೂ ಜಗಳವಿಲ್ಲ. ಬೀಸುಕಲ್ಲಿಗೆ ಎದುರುಬದುರು ಕೂತ ಇಬ್ಬರು ಹೆಂಗಸರಲ್ಲಿ ಒಬ್ಬಾಕೆ ಗೂಟ ದೂಡಿದಾಗ ಇನ್ನೊಬ್ಬಾಕೆ ಎಳೆಯುತ್ತಾಳೆ, ಕಲ್ಲು ಸುತ್ತುತ್ತದೆ. ಹೆಗಲೆಲುಬು ಸುತ್ತುವುದೂ ಹಾಗೆಯೇ. ರಾಂಬಾಯ್ಡ್, ಲಿವೇಟರ್ ಸ್ಕ್ಯಾಪುಲೆ, ಪೆಕ್ಟೊರಾಲಿಸ್ ಮೈನರ್ ಎಂಬ ಇನ್ನೂ ಮೂರು ಸ್ನಾಯುಗಳು ಹೆಗಲೆಲುಬನ್ನು ಹಿಂದಕ್ಕೆ, ಮೇಲಕ್ಕೆ, ಮುಂದಕ್ಕೆ ಎಳೆದು ಹದದಲ್ಲಿಡುತ್ತವೆ. ಮಗ್ಗದ ಮೇಲೋ ಮೊಬೈಲಿನ ಮೇಲೋ ಬಾಗಿ ಕೂತು ಕೂತು ಹೆಗಲು ಮುಂದಕ್ಕೆ ಜೋತವರಲ್ಲಿ ಪೆಕ್ಟೊರಾಲಿಸ್ ಮೈನರ್ ಬಿಗಿದುಕೊಂಡಿರುವುದುಂಟು.

ಈಗ ತೋಳನ್ನು ಆಡಿಸುವವರ ಕಡೆ ಬರೋಣ. ಎಲ್ಲರ ಕಣ್ಣಿಗೆ ಬೀಳುವುದು ಡೆಲ್ಟಾಯ್ಡ್, ಭುಜದ ಮೇಲೆ ದುಂಡಗೆ ಟೋಪಿ ಹಾಕಿದಂತಿರುವ ಸ್ನಾಯು. ಗ್ರೀಕರ ಮೂರು ಮೂಲೆಯ ಡೆಲ್ಟಾ ಅಕ್ಷರದಿಂದ ಇದಕ್ಕೆ ಆ ಹೆಸರು. ಇದಕ್ಕೆ ಮೂರು ಭಾಗ. ಮುಂದಿನದು ಕೈಯನ್ನು ಮುಂದಕ್ಕೆ, ನಡುವಿನದು ಪಕ್ಕಕ್ಕೆ, ಹಿಂದಿನದು ಹಿಂದಕ್ಕೆ ಒಯ್ಯುತ್ತದೆ. ಮೂರೂ ಸೇರಿ ತೋಳಿನ ಎಲುಬಿನ ಹೊರಬದಿಯಲ್ಲಿ, ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ ಅಂಟುತ್ತವೆ. ಕೊರೋನಾ ಲಸಿಕೆ ಹಾಕಿದ್ದು ಇದಕ್ಕೇ. ಭುಜದ ತುದಿಯ ಎಲುಬಿನಿಂದ ಎರಡು ಮೂರು ಬೆರಳು ಕೆಳಗೆ ಸೂಜಿ ಚುಚ್ಚುವುದಕ್ಕೆ ಕಾರಣವಿದೆ. ತೀರ ಮೇಲೆ ಚುಚ್ಚಿದರೆ ಕೀಲಿನ ಪಕ್ಕದ ಚೀಲಕ್ಕೆ ಮದ್ದು ಇಳಿಯಬಹುದು, ತೀರ ಕೆಳಗಾದರೆ ತೋಳಿನ ಎಲುಬನ್ನು ಹಿಂದಿನಿಂದ ಬಳಸಿ ಬರುವ ಆಕ್ಸಿಲರಿ ನರದ ಹತ್ತಿರವಾಗುತ್ತದೆ. ಡೆಲ್ಟಾಯ್ಡನ್ನು ನಡೆಸುವುದು ಆ ನರವೇ.

ಬೆನ್ನಿನ ಕೆಳಭಾಗದಿಂದ, ಸೊಂಟದ ಎಲುಬಿನಿಂದ ಎದ್ದು ಬಗಲಿನ ಹಿಂದಿನ ಗೋಡೆಯಾಗಿ ತೋಳಿಗೆ ಬರುವುದು ಲ್ಯಾಟಿಸಿಮಸ್ ಡಾರ್ಸೈ. ಎತ್ತಿದ ಕೈಯನ್ನು ಕೆಳಗೆ ಎಳೆಯುವ ಬಲ ಇದರದು. ಬಾವಿಯಿಂದ ನೀರು ಸೇದುವುದು, ಕಟ್ಟಿಗೆ ಒಡೆಯುವುದು, ಮುಧೋಳ, ಜಮಖಂಡಿ ಕಡೆ ಕಬ್ಬಿನ ಬುಡಕ್ಕೆ ಕೊಯ್ತಾ ಬೀಸುವುದು, ಎಲ್ಲಕ್ಕೂ ಇದು ಬೇಕು. ಬಗಲಿನ ಮುಂದಿನ ಗೋಡೆ ಪೆಕ್ಟೊರಾಲಿಸ್ ಮೇಜರ್, ಎದೆಯ ಸ್ನಾಯು. ತಳ್ಳುವುದು, ತಬ್ಬುವುದು ಅದರ ಪಾಲು.

ಇವೆಲ್ಲ ಬಲದವು, ಕನ್ನಡಿಯಲ್ಲಿ ಕಾಣುವಂಥವು. ನಾನು ಹೆಚ್ಚು ಹೊತ್ತು ಹೇಳಬೇಕಾದದ್ದು ಕಾಣದ ನಾಲ್ಕರ ಬಗ್ಗೆ.

ಈ ನಾಲ್ಕನ್ನು ಕೂಡಿಸಿ ರೊಟೇಟರ್ ಕಫ್ ಅನ್ನುತ್ತಾರೆ. ನಾಲ್ಕೂ ಹೆಗಲೆಲುಬಿನಿಂದ ಹೊರಟು ತೋಳಿನ ಎಲುಬಿನ ತಲೆಯನ್ನು ಮುಂದೆ, ಮೇಲೆ, ಹಿಂದೆ ಅಪ್ಪಿ ಹಿಡಿಯುತ್ತವೆ. ಅಂಗೈ ಬಗ್ಗಿಸಿ ನಿಂಬೆಹಣ್ಣನ್ನು ನಾಲ್ಕು ಬೆರಳಿನಿಂದ ಮೇಲಿನಿಂದ ಹಿಡಿದರೆ ಹೇಗೋ ಹಾಗೆ. ಮೇಲಿನದು ಸುಪ್ರಾಸ್ಪೈನೇಟಸ್, ಹಿಂದಿನವು ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದಿನದು ಸಬ್‌ಸ್ಕ್ಯಾಪುಲಾರಿಸ್. ನಾಲ್ಕರಲ್ಲಿ ದೊಡ್ಡದು ಈ ಸಬ್‌ಸ್ಕ್ಯಾಪುಲಾರಿಸ್. ಹೆಗಲೆಲುಬಿಗೂ ಪಕ್ಕೆಲುಬಿಗೂ ನಡುವೆ ಅಡಗಿರುವುದರಿಂದ ಹೊರಗಿನಿಂದ ಕಾಣುವುದೇ ಇಲ್ಲ. ಅದು ತೋಳನ್ನು ಒಳಕ್ಕೆ ತಿರುಗಿಸುತ್ತದೆ. ಹೆಂಗಸರು ಬೆನ್ನ ಹಿಂದೆ ಕೈ ಒಯ್ದು ಸೆರಗು ಸಿಕ್ಕಿಸಿಕೊಳ್ಳುವಾಗ, ಸೊಂಟಕ್ಕೆ ತಾಗಿದ ಮುಂಗೈಯನ್ನು ಬೆನ್ನಿನಿಂದ ಎತ್ತುವುದು ಇದೇ.

ಹಿಂದಿನ ಎರಡು ತೋಳನ್ನು ಹೊರಕ್ಕೆ ತಿರುಗಿಸುತ್ತವೆ, ಜೊತೆಗೆ ಬ್ರೇಕ್ ಹಾಕುತ್ತವೆ. ಜೋಳ ಹಾಲುಗಾಳಾದಾಗ ಹಕ್ಕಿ ಹೊಡೆಯಲು ಕವಣೆ ಬೀಸುವುದನ್ನು ನೆನೆಸಿಕೊಳ್ಳಿ. ಕಲ್ಲು ಹಾರಿಹೋಗುತ್ತದೆ, ಅದರ ಹಿಂದೆಯೇ ತೋಳೂ ಕೀಲಿನಿಂದ ಹಾರಬೇಕಿತ್ತು. ಹಾರದಂತೆ ಹಿಂದಿನಿಂದ ಜಗ್ಗಿ ಹಿಡಿಯುವುದು ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್. ಕ್ರಿಕೆಟ್ ಆಡುವ ಹುಡುಗರು ಎಸೆಯುವ ಬಲ ಬೆಳೆಸಿಕೊಳ್ಳುತ್ತಾರೆ, ತಡೆಯುವ ಬಲವನ್ನು ಮರೆಯುತ್ತಾರೆ. ಹದಿನೆಂಟು ತುಂಬುವ ಮೊದಲೇ ನನ್ನ ಹತ್ತಿರ ಬರುವ ಬೌಲರ್‌ಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇನ್ನು ಸುಪ್ರಾಸ್ಪೈನೇಟಸ್. ಹೆಗಲೆಲುಬಿನ ಮೇಲಂಚಿನ ಕುಳಿಯಲ್ಲಿ ಕೂತಿದ್ದು, ಭುಜದ ತುದಿಯ ಎಲುಬಿನ ಅಡಿಯಿಂದ ಹಾದು ತೋಳಿನ ತಲೆಯ ಮೇಲೆ ಬಂದು ಅಂಟುತ್ತದೆ. ಮೇಲೆ ಎಲುಬಿನ ಚಾವಣಿ, ಕೆಳಗೆ ತೋಳಿನ ತಲೆ, ನಡುವಿನ ಸಂದಿ ಸುಮಾರು 1 ಸೆಂಟಿಮೀಟರ್. ಆ ಸಂದಿಯಲ್ಲಿ ಈ ಸ್ನಾಯುವನ್ನು ಎಲುಬಿಗೆ ಬಿಗಿಯುವ ಹಗ್ಗದಂಥ ರಜ್ಜು, ಅದರ ಮೇಲೆ ಉಜ್ಜಾಟ ತಡೆಯುವ ತೆಳು ಚೀಲ. ಅಷ್ಟು ಇಕ್ಕಟ್ಟಿನಲ್ಲಿ ಒಂದು ಜನ್ಮದ ಕೆಲಸ.

ಕೈ ಎತ್ತುವಾಗ ಅಲ್ಲಿ ಏನಾಗುತ್ತದೆ? ನೆಲದ ಮೇಲೆ ಮಲಗಿಸಿದ ಉದ್ದನೆಯ ಏಣಿಯನ್ನು ಗೋಡೆಗೆ ಎತ್ತಿ ನಿಲ್ಲಿಸಬೇಕಾದರೆ ಇಬ್ಬರು ಬೇಕು. ಒಬ್ಬ ಏಣಿ ಎತ್ತುತ್ತಾನೆ, ಇನ್ನೊಬ್ಬ ಅದರ ಬುಡಕ್ಕೆ ಕಾಲು ಕೊಡುತ್ತಾನೆ. ಕಾಲು ಕೊಡುವವನಿಲ್ಲದಿದ್ದರೆ ಬುಡ ಜಾರುತ್ತದೆ, ಏಣಿ ಏಳುವುದಿಲ್ಲ. ಡೆಲ್ಟಾಯ್ಡ್ ಏಣಿ ಎತ್ತುವವನು. ಕೈ ಇಳಿಬಿದ್ದಿರುವಾಗ ಅದು ಎಳೆಯುವ ದಿಕ್ಕು ನೇರ ಮೇಲಕ್ಕೆ. ಅದೊಂದನ್ನೇ ಬಿಟ್ಟರೆ ತೋಳಿನ ತಲೆ ಮೇಲೆ ಜಾರಿ ಚಾವಣಿಗೆ ಬಡಿಯುತ್ತದೆ. ಕಫ್‌ನ ನಾಲ್ಕು ಸ್ನಾಯುಗಳು ತಲೆಯನ್ನು ಕುಳಿಗೆ ಒತ್ತಿ, ಕೆಳಕ್ಕೆ ಅದುಮಿ ಬುಡಕ್ಕೆ ಕಾಲು ಕೊಡುತ್ತವೆ. ಆಗ ಡೆಲ್ಟಾಯ್ಡಿನ ಬಲವೆಲ್ಲ ತೋಳನ್ನು ಎತ್ತುವುದಕ್ಕೆ ಸಲ್ಲುತ್ತದೆ.

ನೋವಿಲ್ಲದವರು ಈಗಲೇ ಒಂದು ಮಾಡಿ ನೋಡಿ. ಹೆಬ್ಬೆರಳು ನೆಲದ ಕಡೆ ಇರುವಂತೆ ತೋಳನ್ನು ಒಳಕ್ಕೆ ತಿರುವಿ, ಹಾಗೇ ಪಕ್ಕದಿಂದ ಕೈ ಎತ್ತಿ. ಭುಜದ ಮಟ್ಟಕ್ಕೆ ಬರುತ್ತಲೇ ತಡೆ ಸಿಗುತ್ತದೆ. ಅಲ್ಲೇ ಅಂಗೈಯನ್ನು ಆಕಾಶಕ್ಕೆ ತಿರುಗಿಸಿ. ಬೀಗ ಬಿಚ್ಚಿದಂತೆ ಕೈ ಸರಾಗವಾಗಿ ತಲೆಯ ಮೇಲೆ ಹೋಗುತ್ತದೆ. ತೋಳಿನ ತಲೆಯ ಹೊರಬದಿಯಲ್ಲಿ ಒಂದು ಗುಬುಟಿದೆ. ಒಳಕ್ಕೆ ತಿರುಗಿದ್ದಾಗ ಅದು ಚಾವಣಿಗೆ ತಗಲುತ್ತದೆ, ಹೊರಕ್ಕೆ ತಿರುಗಿಸಿದಾಗ ಚಾವಣಿಯ ಹಿಂದೆ ಸರಿದು ದಾರಿ ಬಿಡುತ್ತದೆ. ದಿನಕ್ಕೆ ನೂರು ಸಲ ಕೈ ಎತ್ತುವ ನಾವು ಆ ತಿರುವನ್ನು ಒಮ್ಮೆಯೂ ಯೋಚಿಸಿ ಮಾಡಿಲ್ಲ.

ಬಾದಾಮಿಯ ಮೊದಲ ಗುಹೆಯ ಹೊರಗೆ, ಬಲಬದಿಯ ಬಂಡೆಯಲ್ಲಿ, 6ನೇ ಶತಮಾನದ ಹದಿನೆಂಟು ಕೈಗಳ ನಟರಾಜನಿದ್ದಾನೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ಅದು ಹದಿನೆಂಟು ಕೈ ಅನ್ನಿಸುವುದಿಲ್ಲ. ಒಂದು ಜೊತೆ ಕೈ ಹೋಗಬಲ್ಲ ಒಂಬತ್ತೊಂಬತ್ತು ಜಾಗಗಳು ಅನ್ನಿಸುತ್ತದೆ. ತಲೆಯ ಮೇಲೆ, ಪಕ್ಕಕ್ಕೆ, ಎದೆಯ ಮುಂದೆ, ಬೀಸಣಿಗೆ ಬಿಚ್ಚಿದ ಹಾಗೆ. ಮೈಯ ಬೇರೆ ಯಾವ ಕೀಲಿಗೂ ಈ ಹರವು ಇಲ್ಲ.

ಹಮಾಲರ ಕಥೆಗೆ ಬರುತ್ತೇನೆ. ಚೀಲ ಹೆಗಲ ಮೇಲೆ ಕೂತಾಗ ಭಾರ ಟ್ರೆಪೀಜಿಯಸ್, ಬೆನ್ನು, ಕಾಲಿನ ಮೇಲೆ ಇಳಿಯುತ್ತದೆ. ಅವೆಲ್ಲ ಅವರಲ್ಲಿ ಕಬ್ಬಿಣದಂತಿದ್ದವು. ಕೆಟ್ಟದ್ದು ಬೇರೆ ಕೆಲಸದಿಂದ. ಲಾರಿಯ ಮೇಲೆ ನಿಂತು ಕೊಕ್ಕೆ ಹಾಕಿ ಚೀಲ ಎಳೆಯುವುದು, ತಲೆಗಿಂತ ಮೇಲಿನ ಥಪ್ಪಿಗೆ ಎಸೆಯುವುದು, ಮೂವತ್ತು ವರ್ಷ. ಕೈ ಎತ್ತಿಸಿದಾಗ ಮೊದಲು ನೋವಿಲ್ಲ, 60 ಡಿಗ್ರಿ ದಾಟುತ್ತಲೇ ಮುಖ ಕಿವುಚಿದರು, 120 ದಾಟಿದ ಮೇಲೆ ಮತ್ತೆ ನೋವು ಇಳಿಯಿತು. ಸಂದಿ ಬಹಳ ಇಕ್ಕಟ್ಟಾಗುವುದು ಆ ನಡುವಿನ ಹಾದಿಯಲ್ಲೇ. ಸ್ಕ್ಯಾನಿಂಗ್ ಮಾಡಿಸಿದಾಗ ಸುಪ್ರಾಸ್ಪೈನೇಟಸ್ ರಜ್ಜು ಅರೆಬರೆ ಹರಿದಿದ್ದು ಕಂಡಿತು. ಆದರೆ ಅವರು ಆರು ತಿಂಗಳಿನಿಂದ ಎಣ್ಣೆ ತಿಕ್ಕಿಸಿಕೊಂಡಿದ್ದು ತೋಳಿನ ನಡುಭಾಗಕ್ಕೆ. “ವಾಯು ಹಿಡದೈತಿ ಅಂತ ತಿಕ್ಕಿದಿವ್ರಿ” ಅಂದರು. ತಪ್ಪು ಅವರದಲ್ಲ. ರಜ್ಜಿನ ನೋವಿನ ಸುದ್ದಿಯೂ ಹೊರತೋಳಿನ ಚರ್ಮದ ಸುದ್ದಿಯೂ ಒಂದೇ ನರದ ಹಾದಿ ಹಿಡಿದು ಹೋಗುತ್ತವೆ, ಹಾಗಾಗಿ ಮಿದುಳು ನೋವನ್ನು ತೋಳಿನಲ್ಲಿ ಕಾಣುತ್ತದೆ.

ಜೋಳದ ರೊಟ್ಟಿ ಬಡಿಯುವ ತಾಯಂದಿರಲ್ಲೂ ಇದೇ ಬೇನೆ ಕಾಣುತ್ತೇನೆ, ಅದರಲ್ಲೂ ಖಾನಾವಳಿಗೆ ದಿನಾ ನೂರಿನ್ನೂರು ರೊಟ್ಟಿ ಮಾಡಿಕೊಡುವವರಲ್ಲಿ. ಭಾರವೇನೂ ಇಲ್ಲ, ಆದರೆ ಒಂದೊಂದು ಬಡಿತಕ್ಕೂ ಕಫ್ ತೋಳಿನ ತಲೆಯನ್ನು ಹಿಡಿಯಲೇಬೇಕು. ದಣಿದ ಸ್ನಾಯುವಿನ ಹಿಡಿತ ಸಡಿಲುತ್ತದೆ, ತಲೆ ಕೂದಲೆಳೆಯಷ್ಟು ಮೇಲೆ ಜಾರುತ್ತದೆ, ರಜ್ಜು ಉಜ್ಜುತ್ತದೆ. ರೊಟ್ಟಿಕಲ್ಲು ಎತ್ತರದಲ್ಲಿದ್ದು ಮೊಣಕೈ ಮೈಯಿಂದ ದೂರ ಎದ್ದು ನಿಂತಿದ್ದರೆ ಇನ್ನೂ ಬೇಗ. ಕಲ್ಲನ್ನು ನಾಲ್ಕು ಬೆರಳು ತಗ್ಗಿಸಿ ಎಂದು ಹೇಳಿ ಕಳಿಸಿದ ಒಬ್ಬ ಅಜ್ಜಿ ಮಾತ್ರೆಗಿಂತ ಅದೇ ನಾಟಿತು ಎಂದು ಮೊಮ್ಮಗನ ಕೈಲಿ ಹೇಳಿ ಕಳಿಸಿದ್ದರು.

ಇದಕ್ಕೂ ಇನ್ನೊಂದು ಬೇನೆಗೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಅದು ಫ್ರೋಜನ್ ಶೋಲ್ಡರ್, ಕೀಲಿನ ಸಡಿಲ ಚೀಲವೇ ಊದಿ, ಬಿಗಿದು, ಕುಗ್ಗಿಬಿಡುವುದು. 40ರಿಂದ 60ರ ವಯಸ್ಸಿನವರಲ್ಲಿ, ಹೆಂಗಸರಲ್ಲಿ, ಶುಗರ್ ಇದ್ದವರಲ್ಲಿ ಹೆಚ್ಚು. ಗುರುತು ಹಿಡಿಯುವುದು ಕಷ್ಟವಲ್ಲ. ಕಫ್ ಹೆಚ್ಚು ಹರಿದವರು ಕೈಯನ್ನು ತಾವಾಗಿ ಎತ್ತಲು ಕಷ್ಟಪಡುತ್ತಾರೆ, ಆದರೆ ನಾನು ಎತ್ತಿದರೆ ಏಳುತ್ತದೆ. ಫ್ರೋಜನ್ ಆದವರ ಕೈ ಅವರಿಗೂ ಏಳದು, ನನಗೂ ಏಳದು. ಮೊಣಕೈ ಸೊಂಟಕ್ಕೆ ಅಂಟಿಸಿ ಅಂಗೈ ಹೊರಕ್ಕೆ ತಿರುಗಿಸಲು ಹೇಳಿದರೆ ಅಲ್ಲೇ ಬೀಗ. ಒಂದರಿಂದ ಮೂರು ವರ್ಷ ಕಾಡಿ, ಬಹಳ ಜನರಲ್ಲಿ ಮೆಲ್ಲಗೆ ಬಿಡುತ್ತದೆ. ಸಿಟ್ಟಿನಿಂದ ಜಗ್ಗಾಡಿದರೆ ಮತ್ತಷ್ಟು ಕೆರಳುತ್ತದೆ. ತೋಳು ಏಳದೆ ಬಂದವರನ್ನು ಶುಗರ್ ನೋಡಿಸಿದ್ದೀರಾ ಎಂದು ನಾನು ಮೊದಲು ಕೇಳುವುದು ಇದಕ್ಕೇ.

ಕುಸ್ತಿ, ಕಬಡ್ಡಿಯಲ್ಲಿ ಭುಜ ತಪ್ಪುವುದು ಮತ್ತೊಂದು. ನಿಂಬೆಹಣ್ಣು ಚಮಚದಿಂದ ಬಿದ್ದೇಬಿಟ್ಟಿತು ಎಂದರ್ಥ, ನೂರಕ್ಕೆ ತೊಂಬತ್ತೈದು ಸಲ ಮುಂದಕ್ಕೆ. ಭುಜದ ದುಂಡು ಹೋಗಿ ಚೌಕವಾಗಿ ಕಾಣುತ್ತದೆ. ಒಂದು ಊರಿನ ಅಖಾಡದಲ್ಲಿ ಹತ್ತು ಜನ ಸೇರಿ ಹುಡುಗನೊಬ್ಬನ ಕೈ ಜಗ್ಗುತ್ತಿದ್ದುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆಕ್ಸಿಲರಿ ನರ ಅಲ್ಲೇ ಪಕ್ಕದಲ್ಲಿ ಹಾದಿದೆ, ಎಲುಬು ಮುರಿದಿರಲೂಬಹುದು. ಟವೆಲಿನಿಂದ ಜೋಳಿಗೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಿರಿ, ಎಕ್ಸ್‌ರೇ ತೆಗೆದ ಮೇಲೆ ಕೂಡಿಸಲಿ. ಹಾಗೆಯೇ, ಎಡಭುಜದ ನೋವಿನ ಜೊತೆ ಬೆವರು, ಎದೆ ಹಿಂಡಿದಂತಾಗುವುದು, ಉಸಿರು ಕಟ್ಟುವುದು ಇದ್ದರೆ ಅದು ಭುಜದ ಮಾತಲ್ಲ, ಹೃದಯದ್ದು. ಅಂಥ ಹೊತ್ತಿನಲ್ಲಿ ನನ್ನ ಹತ್ತಿರ ಬರಬಾರದು.

ಹಮಾಲರಿಗೆ ನಾವು ಆಪರೇಷನ್ ಮಾಡಿಸಲಿಲ್ಲ. ಎಲುಬಿನ ಡಾಕ್ಟರರೂ ಮೊದಲು ವ್ಯಾಯಾಮವೇ ಆಗಲಿ ಅಂದರು. ಮೊದಲ ವಾರಗಳಲ್ಲಿ ಮುಂದಕ್ಕೆ ಬಾಗಿ, ಎಡಗೈ ಮೇಜಿಗೆ ಕೊಟ್ಟು, ಬಲಗೈಯಲ್ಲಿ ಅರ್ಧ ತಂಬಿಗೆ ನೀರು ಹಿಡಿದು ಲೋಲಕದ ಹಾಗೆ ತೂಗುವುದು. ಆಮೇಲೆ ಗೋಡೆಗೆ ಅಂಗೈ ಕೊಟ್ಟು ತಳ್ಳಿ, ಕೊನೆಯಲ್ಲಿ ಗರಡಿಯ ಆ ಒತ್ತು. ಬಳಿಕ ಹಳೆಯ ಸೈಕಲ್ ಟ್ಯೂಬನ್ನು ಕಿಟಕಿಯ ಸರಳಿಗೆ ಕಟ್ಟಿ, ಬಗಲಲ್ಲಿ ಮಡಿಸಿದ ಟವೆಲ್ ಇಟ್ಟುಕೊಂಡು, ಮೊಣಕೈ ಸೊಂಟಕ್ಕೆ ಅಂಟಿಸಿ ಅಂಗೈಯನ್ನು ಹೊರಕ್ಕೆ ಎಳೆಯುವುದು. ಚೀಲ ಹೊರುವವರಿಗೆ ಟ್ಯೂಬಿನ ಆ ಎಳೆತ ಹತ್ತು ಸಲಕ್ಕೇ ನಡುಗಿಸಿತು. “ಇಷ್ಟ ಸಣ್ಣ ಕೆಲಸಾ ಇಷ್ಟ್ಯಾಕ ದಣಸತೈತ್ರಿ?” ಎಂದು ಅಚ್ಚರಿಪಟ್ಟರು. ಕಾಣದ ಆ ನಾಲ್ಕು ಸ್ನಾಯುಗಳನ್ನು ಅವರು ಮೊದಲ ಸಲ ಮುಟ್ಟಿದ್ದು ಆಗಲೇ ಇರಬೇಕು. ಲಾರಿಯ ಮೇಲಿನ ಕೆಲಸವನ್ನು ಮೂರು ತಿಂಗಳು ಜೊತೆಯವರು ವಹಿಸಿಕೊಂಡರು.

ಅಲ್ಲಿಯವರೆಗೆ ಅಂಗಿಗೊಂದು ಉಪಾಯ ಹೇಳಿಕೊಟ್ಟಿದ್ದೆ. ಹಾಕುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಎರಡನೇ ತೋಳಿಗೆ ಕೈ ಹಾಕಬೇಕಾದರೆ ತೋಳು ಬೆನ್ನ ಹಿಂದೆ ಹೋಗಿ ಒಳಕ್ಕೆ ತಿರುಗಬೇಕು, ಅದನ್ನು ಒಳ್ಳೆಯ ಕೈ ಮಾಡಲಿ ಎಂದು. ನಾಲ್ಕನೇ ತಿಂಗಳು ತೋರಿಸಲು ಬಂದರು. ಹೆಗಲು ನೋಡಿ ಮುಗಿಸಿ ನಾನು ಬರೆಯುತ್ತ ಕೂತಿದ್ದೆ, ಅವರು ಮನೆಯವರೊಡನೆ ಫೋನಿನಲ್ಲಿ ಮಾತಾಡುತ್ತ ಅಂಗಿ ತೊಡುತ್ತಿದ್ದರು. ಎಡಗೈಯನ್ನು ಮೊದಲು ತೂರಿಸಿದರು. ಬಲಗೈ ಹಿಂದೆ ಹೋಯಿತು, ತೋಳನ್ನು ತಡವಿ ಹುಡುಕಿತು, ಒಳಗೆ ಹೊಕ್ಕಿತು. ಮಾತು ನಡುವೆ ಎಲ್ಲೂ ನಿಲ್ಲಲಿಲ್ಲ.